ಕಾಲು ಒದ್ದೆಯಾಗದೆ ನದಿ ದಾಟಿದ ಹುಡುಗಿ

ಯೋನ್‌ಶೋಪಿಂಗ್, ಸ್ವೀಡನ್
19 ನವೆಂಬರ್ 2017

ಪ್ರೀತಿಯ ಜೈನಬ್ ಆಪಾಗೆ ತಮ್ಮ ಇನಾಯತ್‌ನ ಸಲಾಂ.

ಈ ಕಥೆಯನ್ನು ಮೊದಲು ಹೊರಗೆ ಹೇಳಿದವನು ನಾನು. ಕಳೆದ ಮಾರ್ಚ್‌ನ ಎರಡನೆಯ ಶನಿವಾರ, ಇಲ್ಲಿಯ ನನ್ನ ಸ್ನೇಹಿತ ಅಫ್ತಾಬ್ ಅವರ ಮನೆಯಲ್ಲಿ. ರಾಮದಾಸ ಮೇಷ್ಟ್ರು ಯಾರಿಗೂ ಹೇಳಿರಲಿಲ್ಲ.

ನಿನ್ನೆ ಫೋನಿನಲ್ಲಿ ನೀನು ಮೇಷ್ಟ್ರು ತೀರಿಕೊಂಡರು ಎಂದೆ. ನಮ್ಮ ಮನೆಯಿಂದ ಒಬ್ಬರೂ ಮಣ್ಣಿಗೆ ಹೋಗಲಿಲ್ಲ, ನನ್ನ ಮಗಳು ಮಹ್ವಿಶ್‌ಳ ನೌಕರಿ ಕಳೆದವನಿಗೆ ಅಷ್ಟೇ ಸಾಕು ಎಂದೂ ನೀನೇ ಅಂದೆ. ಸರಿಯಾಗಿ ಕೇಳಿಸುತ್ತಿಲ್ಲ ಎಂದು ಸುಳ್ಳು ಹೇಳಿ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ಅಂದು ಎಂಟು ಜನ ಇದ್ದರು, ಎಲ್ಲರೂ ಕರ್ನಾಟಕದವರೇ. ಹೊರಗೆ ಹಿಮ. ಬೆಂಗಳೂರಿನ ರಾಜಗೋಪಾಲ ಒಂದು ಕಥೆ ಹೇಳಿ ಎಂದು ಪೀಡಿಸಿದರು. ನಿನಗೆ ಗೊತ್ತಲ್ಲ, ಕಥೆ ಕೇಳುವವರು ಸಿಕ್ಕರೆ ನನಗೆ ಹಸಿವೂ ಮರೆತುಹೋಗುತ್ತದೆ. ಒಂದಾನೊಂದು ನದಿ ಎಂದು ಶುರು ಮಾಡಿದೆ. ಭೀಮೆಯ ಈಚೆ ದಂಡೆ ವಿಜಯಪುರ, ಆಚೆ ದಂಡೆ ಕಲಬುರಗಿ. ಎರಡೂ ಕಡೆ ಅದೇ ಬಿಸಿಲು, ಅದೇ ಕೆಟ್ಟ ರಸ್ತೆ. ಆದರೆ ಸಂವಿಧಾನಕ್ಕೆ 371(ಜೆ) ಎಂಬ ವಿಧಿ ಸೇರಿದ ಮೇಲೆ ಸರ್ಕಾರಿ ನೌಕರಿಯಲ್ಲಿ ಆಚೆ ದಂಡೆಯವರಿಗೆ ಮೀಸಲು ಪಾಲು ಬಂತು, ಈಚೆಯವರಿಗೆ ಇಲ್ಲ. ಈಚೆಯ ಹುಡುಗಿಯೊಬ್ಬಳಿಗೆ ಶಿಕ್ಷಕಿಯಾಗುವ ಆಸೆ. ಆಚೆಯ ಶಾಲೆಯ ಹೆಡ್‌ಮಾಸ್ತರರು ನಿವೃತ್ತಿಗೆ ಮುಂಚೆ, ಅವಳು ಹತ್ತು ವರ್ಷ ಅಲ್ಲೇ ಇದ್ದು ಓದಿದಳೆಂದು ಬರೆದುಕೊಟ್ಟರು, ಆ ಪಾಲಿನಲ್ಲಿ ಅವಳಿಗೆ ನೌಕರಿ ಸಿಕ್ಕಿತು. "ದೋಣಿ ಹತ್ತಲಿಲ್ಲ, ಕಾಲು ಒದ್ದೆ ಮಾಡಿಕೊಳ್ಳಲಿಲ್ಲ, ಹತ್ತು ವರ್ಷ ನದಿ ದಾಟಿದಳು ನೋಡಿ!" ಎಂದೆ.

ನಕ್ಕಿದ್ದೇ ನಕ್ಕಿದ್ದು. "ಇಲ್ಲಾಗಿದ್ರೆ ಪರ್ಸೋನ್‌ನುಮ್ಮರ್, ಆ ಗುರುತಿನ ನಂಬರ್ ಹೊಡೆದ್ರೆ ಸಾಕು, ಎಲ್ಲೆಲ್ಲಿ ಎಷ್ಟು ದಿನ ಇದ್ರಿ ಅಂತ ಬಂದುಬಿಡುತ್ತೆ. ನಿಮ್ಮ ಮೇಷ್ಟ್ರ ಆಟ ನಡೆಯಲ್ಲ ಬಿಡಿ" ಎಂದರು ರಾಜಗೋಪಾಲ. ಅಫ್ತಾಬ್ ಅವರ ಪುಟ್ಟ ಮಗಳು ಸ್ವೀಡಿಶ್‌ನಲ್ಲಿ, ಇದು ನಿಜವಾ ಎಂದು ಕೇಳಿದಳು. ನೂರಕ್ಕೆ ನೂರು ನಿಜ, ನಮ್ಮ ಅಕ್ಕನ ಮಗಳೇ ಎಂದೆ. ಕಥೆ ಹೇಳುವವನು ಆಡಬಾರದ ಮಾತು ಅದು.

ಮೇ ತಿಂಗಳಲ್ಲಿ ಯಾರೋ ದೂರು ಕೊಟ್ಟರು. ಮಹ್ವಿಶ್‌ಳ ನೇಮಕ ರದ್ದಾಯಿತು, ಕೇಸಾಯಿತು. ಮೇಷ್ಟ್ರ ಪಿಂಚಣಿ ನಿಂತಿತು. ಒಳಗಿನ ಸಂಗತಿ ಗೊತ್ತಿದ್ದವರು ಅವರೊಬ್ಬರೇ ಎಂದು ದುಲ್ಹಾಭಾಯಿ ಬಸ್‌ಸ್ಟ್ಯಾಂಡಿನಲ್ಲಿ, "ನೀ ಉಳ್ಯಾಕ ನನ್ನ ಮಗಳನ್ನ ಬಲಿ ಕೊಟ್ಟಿ" ಎಂದು ಜನರೆದುರು ಅವರ ಮುಖಕ್ಕೆ ಉಗಿದರು. ಮೇಷ್ಟ್ರು ಏನೂ ಅನ್ನದೆ ಧೋತರದ ಚುಂಗಿನಿಂದ ಒರೆಸಿಕೊಂಡರು ಎಂದು ನೀನೇ ಹೇಳಿದ್ದೆ. ತಪ್ಪು ಮಾಡದವನು ಸುಮ್ಮನಿರುತ್ತಾನೇನು ಎಂದು ನೀನು ಕೇಳಿದ್ದೆ. ಆಗಲೂ ನಾನು ಹೂಂ ಎಂದೆ, ಆಪಾ.

ನನಗೆ ಅಕ್ಷರ ಕಲಿಸಿದ ಕೈ ಅದು. ಮಹ್ವಿಶ್‌ಗೆ ಬರೆದುಕೊಡುವಾಗ ಅವರು, "ನದಿ ಈಚೆ ಹುಟ್ಟಿದ್ದಕ್ಕ ಈ ಕೂಸಿನ ಬಡತನ ಕಡಿಮಿ ಆತೇನು?" ಎಂದು ಕೇಳಿ ರುಜು ಹಾಕಿದರಂತೆ. ಆ ರುಜು ತಪ್ಪೇ ಇರಬಹುದು. ಚಾಡಿ ಮಾತ್ರ ಅವರದಲ್ಲ.

ಈ ಪತ್ರವನ್ನು ದುಲ್ಹಾಭಾಯಿಗೆ ಓದಿ ಹೇಳು. ಆಮೇಲೆ ಇಬ್ಬರೂ ಮೇಷ್ಟ್ರ ಮನೆಗೆ ಹೋಗಿ ಸುಲೋಚನಾಬಾಯಿಯವರಿಗೂ ಓದಿ. ಅವರು ಬಾಗಿಲು ತೆರೆಯದಿದ್ದರೆ ಹೊರಗೇ ನಿಂತು ಓದಿ. ಗಂಡ ಯಾರನ್ನೂ ಹಿಡಿದುಕೊಡಲಿಲ್ಲ ಎಂಬುದಾದರೂ ಆ ಹೆಣ್ಣುಮಗಳಿಗೆ ತಿಳಿಯಲಿ. ಎಂಟು ಜನರಲ್ಲಿ ಯಾರ ಬಾಯಿಂದ ಸುದ್ದಿ ಹೋಯಿತೋ ನನಗೆ ತಿಳಿಯದು.

ನಿನ್ನ ತಮ್ಮ,
ಇನಾಯತ್

ತಾ.ಕ.: ಕೊನೆಯ ಸಾಲು ಸುಳ್ಳು. ಅಂದು ಊಟ ಮುಗಿಸಿ ಕೈ ತೊಳೆಯುವಾಗ ಅಫ್ತಾಬ್ ಮೆಲ್ಲಗೆ, ಯಾದಗಿರಿಯಲ್ಲಿರುವ ತನ್ನ ತಂಗಿ ಅರ್ಜುಮಂದ್ ಅದೇ ನೇಮಕಾತಿಯ ಪಟ್ಟಿಯಲ್ಲಿ ಅರ್ಧ ಅಂಕಕ್ಕೆ ಹೊರಗುಳಿದಳು ಎಂದರು. ತಗಡಿನ ಶಾಲೆಯಲ್ಲಿ ಹತ್ತು ವರ್ಷ ನಿಜವಾಗಿಯೂ ಓದಿದವಳು. ಮಾರನೆಯ ಬೆಳಿಗ್ಗೆ ರಾಜಗೋಪಾಲ ಎಲ್ಲರ ಮಕ್ಕಳನ್ನು ಹಿಮದಲ್ಲಿ ಜಾರಾಟ ಆಡಿಸಲು ಕರೆದೊಯ್ದರು. ಅಫ್ತಾಬ್ ಒಂಬತ್ತಕ್ಕೆ ನನಗೆ ಫೋನ್ ಮಾಡಿ, "ಇನಾಯತ್ ಭಾಯ್, ಆ ಮೇಷ್ಟ್ರ ಹೆಸರು, ಶಾಲೆ ಹೆಸರು ಏನು?" ಎಂದರು. ಅದೆಲ್ಲ ಕಟ್ಟುಕಥೆ ಎಂದುಬಿಡಬಹುದಿತ್ತು. ಅಷ್ಟು ಜನ ನಂಬಿ ನಕ್ಕ ಕಥೆ, ಸುಳ್ಳೆನ್ನಲು ಮನಸ್ಸಾಗಲಿಲ್ಲ. ಹೇಳಿದೆ. ಅವರು ಪೆನ್ನು ಹುಡುಕುವವರೆಗೆ ಕಾದು, ಇನ್ನೊಮ್ಮೆ ಹೇಳಿದೆ.