ಭಾವನ ಮನೆಯ ಮೀನು

ಬೀದರ್, ಸೋಮವಾರ

ಅಪ್ಪಾ,

ಮುಕ್ತಕ್ಕನ ಕೂಸು ಈಗ ಬೋರಲು ಬೀಳುತ್ತಿದೆ, ಅವ್ವನಿಗೆ ಹೇಳಿ.

"ಕೂಸಿಗಿ ತಾಯಿ ಬೇಕಲ್ಲವ್ವಾ, ಭಾವನ ಜೋಡಿ ಲಗ್ನಾ ಮಾಡ್ಕೊ" ಎಂದು ಹೇಳಿ ನೀವು ಔರಾದಿಗೆ ಹೊರಟುಬಿಟ್ಟಿರಿ. ಅದಕ್ಕೆ ಉತ್ತರ ಈಗ ಬರೆಯುತ್ತಿದ್ದೇನೆ.

ಪಡಸಾಲೆಯಲ್ಲಿ ಭಾವನ ಗಾಜಿನ ತೊಟ್ಟಿಯಿದೆಯಲ್ಲ, ಉಪ್ಪುನೀರು, ಹವಳದ ಕಲ್ಲು, ಕಿತ್ತಳೆ ಬಣ್ಣದ ಕ್ಲೌನ್ ಮೀನು. ಅವು ಕುಟುಕುವ ಕಡಲಹೂವಿನೊಳಗೇ ಮನೆ ಮಾಡುತ್ತವೆ. ಆ ಕುಟುಕು ಅವಕ್ಕೆ ತಾಗುವುದಿಲ್ಲ. ಗಾಜು ಒರೆಸುವಾಗ ನನಗೆ ತಾಗುತ್ತದೆ. "ಹೆಣ್ಣು ಸತ್ರ ಗಂಡೇ ಹೆಣ್ಣಾಗ್ತದ್ರಿ. ಮೊಟ್ಟಿ ಕಾಯೋದು ಅಪ್ಪನ ಕೆಲಸ" ಎಂದು ಭಾವ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾರೆ. ಅಷ್ಟರಲ್ಲಿ ಕೂಸು ಅತ್ತರೆ ನನ್ನನ್ನು ಕೂಗುತ್ತಾರೆ.

ಮೀನಿನ ಮೈಮೇಲೆ ಬಿಳಿ ಚುಕ್ಕೆ ಎದ್ದ ದಿನವೇ ಅವರು ಔಷಧಕ್ಕೆ ಹೈದರಾಬಾದಿಗೆ ಓಡಿದರು. ಬಾಣಂತಿ ಅಕ್ಕನಿಗೆ ಜ್ವರ ಏರಿದಾಗ "ನಾಳಿಗಿ ನೋಡಮ್ ತಗೋ" ಎಂದಿದ್ದರಂತೆ. ಅಕ್ಕನೇ ಫೋನಿನಲ್ಲಿ ಹೇಳಿದ್ದಳು. ಅದೇ ಅವಳ ಕೊನೆಯ ಫೋನು.

ನನ್ನ ಫೋನನ್ನೂ ಬಟ್ಟೆಯ ಚೀಲವನ್ನೂ ಅಕ್ಕನ ಅತ್ತೆ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ. "ಮುಕ್ತಾನ ಕುಪ್ಪಸ ನಿನಗ ಬರೋಬರ್ ಆಗ್ತಾವ" ಎನ್ನುತ್ತಾರೆ. ಆಗುತ್ತವೆ ಕೂಡ. ಈ ಕಾಗದವನ್ನು ಪಕ್ಕದ ಮನೆಯ ಕೌಸಲ್ಯಾಬಾಯಿಯ ಕೈಯಲ್ಲಿ ಕಳಿಸುತ್ತಿದ್ದೇನೆ.

ಭಾಲ್ಕಿಯಲ್ಲಿ ಕೊಂಡ ಲಗ್ನದ ಸೀರೆ ವಾಪಸ್ ಕೊಟ್ಟುಬಿಡಿ. ಬುಧವಾರ ಮೊದಲ ಬಸ್ಸಿಗೆ ಬನ್ನಿ. ಕೂಸನ್ನು ಕೊಟ್ಟರೆ ಎತ್ತಿಕೊಂಡು ಬರುತ್ತೇನೆ, ಕೊಡದಿದ್ದರೂ ಬರುತ್ತೇನೆ.

ನನ್ನದೊಂದು ಕುಪ್ಪಸ ಮರೆಯದೆ ತನ್ನಿ. ಅಕ್ಕನದನ್ನು ತೊಟ್ಟು ಬಂದರೆ, ಬಾಗಿಲು ತೆಗೆದ ಅವ್ವ ಅವಳೇ ಬಂದಳೆಂದುಕೊಂಡಾಳು.

ನಿಮ್ಮ
ಮಂಜಿರಿ