ಮಂಚದಿಂದ ಕುರ್ಚಿಗೆ ಪ್ರಯಾಣ

ಮಾರ್ಚ್ 3, ಸೋಮವಾರ, ಬೆಳಿಗ್ಗೆ, ಆಸ್ಪತ್ರೆ

ಮತ್ತೆ ದಿಂಬು ಜೋಡಿಸುವ ಪಾಠ. ಹೆಂಡತಿಯ ಬಲಗೈ ಕೆಳಗೊಂದು, ಬೆನ್ನ ಹಿಂದೊಂದು, ಮಂಡಿಗಳ ನಡುವೆ ಇನ್ನೊಂದು. ದಿಂಬುಶಾಸ್ತ್ರದಲ್ಲಿ ಪಂಡಿತನಾಗುತ್ತಿದ್ದೇನೆ. ಅವಳು ಓರೆಗಣ್ಣಲ್ಲಿ ನೋಡಿ, ಎಡಗೈಯಿಂದ ಒಂದನ್ನು ಎಳೆದು ನೆಲಕ್ಕೆಸೆದಳು. ಮಾತು ಹೋಗಿದೆ — ಅಭಿಪ್ರಾಯ ಹೋಗಿಲ್ಲ.

ಸ್ಟ್ರೋಕ್ ಆದಾಗಿನಿಂದ ಬಲಗೈ, ಬಲಗಾಲು ಮುನಿಸಿಕೊಂಡಿವೆ. ಮಾತೆಂದರೆ "ಹೂಂ", "ಊಹೂಂ", ಮತ್ತೆ ನನಗೆಂದೇ ಮೀಸಲಾದ ಒಂದು ನಿಟ್ಟುಸಿರು. ನಿವೃತ್ತಿಯವರೆಗೂ ಬಸ್ ಕಂಡಕ್ಟರ್ ಆಗಿದ್ದವಳು. ಇವಳು ಸ್ಟಾಪಿನ ಹೆಸರು ಕೂಗಿದರೆ ಮಲಗಿದ್ದವರು ಎರಡು ಸ್ಟಾಪ್ ಮೊದಲೇ ಇಳಿದುಬಿಡುತ್ತಿದ್ದರು.

ಫಿಸಿಯೋ ಮೇಡಂ ಷರತ್ತು ಹಾಕಿದರು. "ಮಂಚದಿಂದ ವೀಲ್‌ಚೇರಿಗೆ ಕೂರಿಸ್ಬೇಕು. ನಾನು ಕೈ ಹಾಕಲ್ಲ, ನೀವೇ ಮಾಡಿ ತೋರಿಸ್ಬೇಕು. ಬಂತಾ — ಶುಕ್ರವಾರ ಮನೆಗೆ. ಬರ್ಲಿಲ್ವಾ — ಆರೈಕೆ ಕೇಂದ್ರಕ್ಕೆ."

"ಊಹೂಂ!" ಹೆಂಡತಿ.

ಆ ಊಹೂಂ ಕೇಂದ್ರಕ್ಕೋ, ನನ್ನ ಸಾಮರ್ಥ್ಯಕ್ಕೋ — ಕೇಳುವ ಧೈರ್ಯ ಬರಲಿಲ್ಲ.

ಮಾರ್ಚ್ 4

ಭಾಮೈದ ಬಂದ. ಗೋಡೌನಿನಲ್ಲಿ ಮೂಟೆ ಎತ್ತಿಸುವ ಮೇಸ್ತ್ರಿ.

"ಭಾವಾ, ನೀವು ಪಕ್ಕಕ್ಕೆ ನಿಂತ್ಕೊಳ್ಳಿ. ನಿಮ್ದು ಪೆನ್ನು ಎತ್ತೋ ಕೈ."

ಹೇಳಿದವನೇ ಅಕ್ಕನ ಬಲಗೈ ಹಿಡಿದು ಎಳೆಯಹೋದ. ಮೇಡಂ ಹಾಕಿದ ಕೂಗಿಗೆ ಹೊರಗೆ ಹೋಗುತ್ತಿದ್ದ ಟ್ರಾಲಿ ನಿಂತಿತು.

"ಆ ಕೈ ಎಳೀಬೇಡಿ! ಭುಜದ ಕೀಲು ಜಾರುತ್ತೆ!"

"ಅಲ್ಲ ಮೇಡಂ... ನಮ್ಮಕ್ಕಂದೇ ಕೈ ಅಲ್ವಾ ಅಂತ..."

"ನಿಮ್ಮಕ್ಕಂದೇ. ಅವ್ರ ಹತ್ರಾನೇ ಇರ್ಲಿ ಅಂತ ಹೇಳ್ತಿರೋದು."

ಪಾಠ: ಎತ್ತಬಾರದು. ಅವಳೇ ಬಾಗಬೇಕು, ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು. ನಾನು ಅವಳ ಸೊಂಟಕ್ಕೆ ಕಟ್ಟಿದ ಪಟ್ಟಿ ಹಿಡಿದು, ನನ್ನ ಮಂಡಿಯಿಂದ ಅವಳ ಬಲಮಂಡಿಗೆ ಆಸರೆ ಕೊಡಬೇಕು. ನಮ್ಮ ಮದುವೆ ಫೋಟೋದಲ್ಲೂ ಇಷ್ಟು ಹತ್ತಿರ ನಿಂತಿಲ್ಲ.

ಮಾರ್ಚ್ 5, ಮಧ್ಯಾಹ್ನ

ನಪಾಸು.

"ಒಂದು, ಎರಡು, ಮೂರು" ಎಂದೆ. ಅವಳು ಎರಡಕ್ಕೇ ಎದ್ದಳು, ನಾನು ಮೂರಕ್ಕೆ. ಇಬ್ಬರೂ ಮಂಚದ ಮೇಲೆ. ಮತ್ತೊಮ್ಮೆ — ಈ ಸಲ ನಾನು ಎರಡಕ್ಕೆ, ಅವಳು ಮೂರಕ್ಕೆ. ಪಕ್ಕದಲ್ಲಿ ಭಾಮೈದ, "ಹಾಂ ಅಕ್ಕ, ಬಿಡ್ಬೇಡ, ಹಾಂ ಹಾಂ" ಎಂದು ಮೂಟೆಗೆ ಹೇಳುವಂತೆ ಹೇಳುತ್ತಿದ್ದ.

ಮೇಡಂ ಬೈಯದೆ ಫೈಲಿನಲ್ಲಿ ಏನೋ ಬರೆದುಕೊಂಡರು. ಅದೇ ಕಷ್ಟ. ಹೆಂಡತಿ ಗೋಡೆ ಕಡೆ ತಿರುಗಿದಳು. ಒಂದು ಜೋಕ್ ಹೇಳಿದೆ. ಪತ್ರಿಕೆಯ ನನ್ನ ಹಾಸ್ಯ ಅಂಕಣಕ್ಕೂ ಯೋಗ್ಯವಲ್ಲದ್ದು. ಬೆನ್ನು ಅಲ್ಲಾಡಲಿಲ್ಲ.

ಮಾರ್ಚ್ 7, ಶುಕ್ರವಾರ

ನಿನ್ನೆ ಬರೆಯಲಿಲ್ಲ. ಕೇಂದ್ರದ ವ್ಯಾನು ಇವತ್ತು ಸಂಜೆಗೆ ಎಂದು ಗೊತ್ತಾದ ದಿನ ಏನು ಬರೆಯುವುದು?

ಬೆಳಿಗ್ಗೆ ಕೊನೆಯ ಅವಕಾಶ. ನಾನು "ಒಂದು..." ಅನ್ನುತ್ತಲೇ ಮೇಡಂ ತಡೆದರು.

"ಸರ್, ಎದ್ದೇಳೋದು ಯಾರು?"

"ಅವಳು."

"ಮತ್ತೆ ಎಣಿಸೋಕೆ ನೀವ್ಯಾರು? ಅವ್ರೇ ಹೇಳ್ಲಿ."

"ಅವಳಿಗೆ ಮಾತು..."

"ಸ್ವಲ್ಪ ಕಾಯ್ರಿ ಅಂದ್ರೆ."

ಕಾದೆವು. ಭಾಮೈದ ಬಾಯಿ ತೆರೆದ. ಕಾಲು ತುಳಿದೆ. ಅವಳು ಎಡಗೈಯನ್ನು ಮಂಚದ ಅಂಚಿಗೆ ಊರಿದಳು. ತುಟಿ ಅಲುಗಿತು... ಏನೂ ಇಲ್ಲ. ಇನ್ನೊಮ್ಮೆ ಅಲುಗಿತು. ಆಮೇಲೆ ಹೊಟ್ಟೆಯಾಳದಿಂದ —

"ರ್ರೈಟ್!"

ಎದ್ದಳು. ನಾನೂ ಜೊತೆಗೆ, ಟಿಕೆಟ್ ಪಡೆದ ಸಭ್ಯ ಪ್ರಯಾಣಿಕನಂತೆ. ತಿರುಗಿದೆವು. ಕುರ್ಚಿ ತಾಗಿತು.

"ಹೋಲ್ಡಾನ್!"

ಕೂತಳು. ಎದುರು ಮಂಚದ ರೋಗಿಯ ಮಗ ನಿದ್ದೆಗಣ್ಣಲ್ಲಿ ಬ್ಯಾಗು ಹಿಡಿದು ಎದ್ದು ನಿಂತ.

"ವರ್ಷಗಟ್ಲೆ ಬಾಯಲ್ಲಿ ಪಳಗಿದ ಮಾತು. ಕೆಲವರಿಗೆ ಅದೇ ಮೊದ್ಲು ಬರುತ್ತೆ," ಎಂದರು ಮೇಡಂ. ಇನ್ನೊಮ್ಮೆ ಮಾಡಿಸಿದರು. ಮತ್ತೆ ರೈಟ್, ಮತ್ತೆ ಹೋಲ್ಡಾನ್. ವ್ಯಾನಿನವನಿಗೆ ಫೋನ್ ಮಾಡಿ ಬೇಡ ಅಂದರು. ಭಾಮೈದ ಕರ್ಚೀಫು ಕೇಳಿದ. ಕೊಡಲಿಲ್ಲ. ನನಗೇ ಬೇಕಾಗಿತ್ತು.

ಮಾರ್ಚ್ 11, ಮನೆ

ಹಜಾರದ ಚಾಪೆಗಳು ಅಟ್ಟ ಸೇರಿದವು, ಕಾಲು ತೊಡರಬಾರದಲ್ಲ. ಬಚ್ಚಲ ಗೋಡೆಗೆ ಹಿಡಿದುಕೊಳ್ಳುವ ಕಂಬಿ ಬಂತು. ಅವಳ ಊಟಕ್ಕೂ ನಿಯಮ: ಚಿಕ್ಕ ತುತ್ತು, ಗದ್ದ ತಗ್ಗಿಸಿ, ನುಂಗಿದ್ದು ಖಾತ್ರಿಯಾದ ಮೇಲೆ ಮುಂದಿನದು. ಉಣ್ಣುವಾಗ ನಗಿಸಬಾರದಂತೆ. ಹಾಸ್ಯ ಬರಹಗಾರನಿಗೆ ಶಿಕ್ಷೆ... ನನ್ನ ಓದುಗರನ್ನು ಕೇಳಿದರೆ, ಇವನಿಗೆ ಅಭ್ಯಾಸವಿದೆ ಅಂತಾರೆ.

ಭಾಮೈದ ಬಂದಿದ್ದ. ಅಕ್ಕ ಕೈ ಎತ್ತಿದ್ದೇ ತಡ, ಶುರು: "ನೀರಾ? ಟೀವಿನಾ? ಬೆನ್ನು ನೋವಾ? ಫ್ಯಾನಾ?"

"ಕಾಯೋ ಸ್ವಲ್ಪ," ಎಂದೆ, ಮೇಡಂ ಗತ್ತಿನಲ್ಲಿ.

ಕಾದರೆ, ಅವಳು ಬೆರಳನ್ನು ತುಟಿ ಮೇಲಿಟ್ಟು ಅವನನ್ನೇ ನೋಡಿದಳು; ಬೇಕಿದ್ದದ್ದು ಅವನು ಬಾಯಿ ಮುಚ್ಚುವುದು. ಮೂವರೂ ನಕ್ಕೆವು. ಅವಳ ನಗು ಎಡಕ್ಕೆ ವಾಲುತ್ತದೆ. ಚೆನ್ನಾಗಿದೆ.

ಮಾರ್ಚ್ 12, ಸಂಜೆ

ಅಂಕಣ ಕಳಿಸಬೇಕು. ಒಂದು ಸಾಲೂ ಆಗಿಲ್ಲ. ಅವಳು ಆಚೆ ಕೋಣೆಯಲ್ಲಿ, ಕಿಟಕಿ ಪಕ್ಕ. ಏನಾದರೂ ಬೇಕಾದರೆ ಚಮಚದಿಂದ ಲೋಟ ಕುಟ್ಟುತ್ತಾಳೆ. ರೈಟ್, ಹೋಲ್ಡಾನ್ ಎಲ್ಲಾ ಸರಿ, ಅವು ಊರವರಿಗೆಲ್ಲ ಹೇಳಿದ ಮಾತು. ನನ್ನನ್ನು ಕರೆದು ಎಷ್ಟು ದಿನವಾಯಿತು...

ಲೋಟದ ಸದ್ದಿಲ್ಲ. ಆದರೂ ಏನೋ ಕೇಳಿದಂತೆ.

"ರೀ..."

ಮನೆಯಲ್ಲಿರುವುದು ನಾವಿಬ್ಬರೇ.

"ರೀ!"

ಬಂದೆ ಕಣೇ. ಬಂದೆ. ಈ ಸಾಲು ಆಮೇಲೆ ಮುಗಿ