ಅತ್ತಿಗೆ ಕೊಟ್ಟ ಬೆಕ್ಕು

ಗುರುವಾರ, ಮಾರ್ಚ್ ೧೪

ಪ್ರೀತಿಯ ಅತ್ತಿಗೆಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ ಎಂದೇ ಶುರುಮಾಡಬೇಕು. ನಿಮ್ಮ ತಮ್ಮ ನಿಜವಾಗಿ ಚೆನ್ನಾಗಾಗುತ್ತಿದ್ದಾರೆ. ನನ್ನದನ್ನು ಆಮೇಲೆ ಹೇಳುತ್ತೇನೆ. ನಿಮ್ಮ ಎರಡು ಕಾಗದ ಬಂದರೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. "ತಮ್ಮ ಹೇಗಿದಾನೆ, ದಿಂಬು ಹೇಗಿದೆ" ಎಂದು ಕೇಳಿದ್ದೀರಿ. ತಮ್ಮನಾಯಿತು, ಬೆಕ್ಕಾಯಿತು, ನನ್ನ ಸರದಿ ಮೂರನೆಯ ಕಾಗದದಲ್ಲಿ ಬರುತ್ತಿತ್ತೇನೋ! ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ಅಳುತ್ತೀರಿ, ನಾನು ಸಮಾಧಾನ ಮಾಡುತ್ತೇನೆ, ನಾನು ಹೇಳಬೇಕೆಂದಿದ್ದು ಬಾಯಲ್ಲೇ ಉಳಿಯುತ್ತದೆ.

ಅವರಿಗೆ ಕಾಯಿಲೆಯಾಗಿತ್ತು. ಎದೆ ಒಡೆದುಕೊಳ್ಳಬೇಡಿ, ನೀವು ಕೊಟ್ಟ ಕಿಡ್ನಿ ಸರಿಯಾಗಿಯೇ ಇದೆ, ಕೆಟ್ಟಿದ್ದು ಚರ್ಮ. ಎಡಗೈಯ ಮೇಲೆ ಕೆಂಪು ಗುಳ್ಳೆಗಳೆದ್ದವು. ಮೊದಮೊದಲು ಮೊಳೆಯ ತಲೆಯಷ್ಟಿದ್ದವು. ಬರಬರುತ್ತ ಹಣ್ಣಿನ ಹಾಗೆ ಉಬ್ಬಿ, ಮಿರಮಿರ ಮಿಂಚುತ್ತ, ಅಂಗಿಯ ತೋಳು ಒಂಚೂರು ಉಜ್ಜಿದರೂ ರಕ್ತ ಸುರಿಸತೊಡಗಿದವು.

ನಮ್ಮ ಅಂಗಡಿಯಲ್ಲಿ ಅದನ್ನು ಕಾಯಿಲೆ ಎಂದು ಯಾರು ತಿಳಿಯುತ್ತಾರೆ ಹೇಳಿ? ಹಳೆ ಸೋಫಾದ ಬಟ್ಟೆ ಕಿತ್ತು ಹೊಸದು ಹೊದಿಸುವವರ ಕೈಗೆ ಮೊಳೆ ಚುಚ್ಚುವುದು, ಸ್ಪ್ರಿಂಗು ಗೀರುವುದು ಇದ್ದದ್ದೇ. "ಮೊಳೆ ಕಣೇ, ಬಿಡು" ಎಂದರು. ನಾನೂ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಬಿಟ್ಟೆ. ಆ ಗೀರುಗಳಲ್ಲಿ ಅರ್ಧ ದಿಂಬುವಿನವು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ನಿಮ್ಮ ಬೆಕ್ಕು ಹೊಟ್ಟೆ ಬಿಚ್ಚಿಟ್ಟ ಸೋಫಾದೊಳಗೆ, ನಾರಿನ ಮಧ್ಯೆ ಹೋಗಿ ಮಲಗುತ್ತದೆ. ಇವರು ಕೈಹಾಕಿ ಎತ್ತುತ್ತಾರೆ, ಅದು ಪರಚುತ್ತದೆ. "ನೋಡು, ಥೇಟ್ ಅಕ್ಕನ ಸಿಟ್ಟು" ಎಂದು ಇವರು ಹಲ್ಲು ಕಿರಿಯುತ್ತಾರೆ. ನಾನು ಗದರಿದರೆ ಮಾತ್ರ ಊಟ ಬಿಡುತ್ತಾರೆ.

ಆಮೇಲೆ ಜ್ವರ ಬಂತು. ಪಕ್ಕದ ಬೀದಿಯ ಡಾಕ್ಟರು ಉಷ್ಣದ ಗುಳ್ಳೆ ಎಂದು ಮುಲಾಮು ಕೊಟ್ಟರು. ಜ್ವರ ಇಳಿಯದಿದ್ದಾಗ ಕಿಡ್ನಿ ಡಾಕ್ಟರ ಬಳಿಗೆ ಎಳೆದುಕೊಂಡು ಹೋದೆ. ಅವರು ದೀಪ ಹಿಡಿದು ಗುಳ್ಳೆಗಳನ್ನು ಒಂದೊಂದಾಗಿ ನೋಡಿದರು. ಕ್ಯಾನ್ಸರ್ ಇರಬಹುದೆಂಬ ಅನುಮಾನ. ಒಂದು ಗುಳ್ಳೆಯಿಂದ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ನಾನು ಒಂದೇ ಸೋಫಾ ಗವಸನ್ನು ಹೊಲಿದು ಬಿಚ್ಚಿ, ಹೊಲಿದು ಬಿಚ್ಚಿ ಕಾಲ ಕಳೆದೆ.

ಕ್ಯಾನ್ಸರ್ ಅಲ್ಲ. ಬೆಕ್ಕಿನ ಚಿಗಟಗಳಲ್ಲಿರುವ ಒಂದು ಬ್ಯಾಕ್ಟೀರಿಯಾ, ಪರಚಿದ ಗಾಯದಿಂದ ಒಳಗೆ ಸೇರಿದೆ. ಡಾಕ್ಟರು ನನಗೆ ಅರ್ಥವಾಗುವ ಹಾಗೆ ಹೇಳಿದರು: "ನೋಡಿಮ್ಮಾ, ಅಕ್ಕನ ಕಿಡ್ನೀನ ಇವರ ದೇಹ ಹೊರಗಿನದು ಅಂತಾನೇ ತಿಳ್ಕೊಳ್ಳುತ್ತೆ, ಓಡಿಸೋಕೆ ನೋಡುತ್ತೆ. ಅದಕ್ಕೇ ನಾವು ಕಾವಲುಗಾರನಿಗೆ ಮಾತ್ರೆ ಕೊಟ್ಟು ಮಲಗಿಸಿದೀವಿ. ಕಾವಲುಗಾರ ಮಲಗಿದಾನಲ್ಲ, ಕಳ್ಳ ಒಳಗೆ ಬಂದ. ನಿಮಗೆ ಪರಚಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ."

ಅತ್ತಿಗೆ, ನಿಮ್ಮ ಹತ್ತಿರ ಮುಚ್ಚಿಡುವುದೇಕೆ? ಇಷ್ಟು ಕೇಳಿ ನನಗೆ ಎರಡು ಸಂತೋಷವಾದವು. ನಿಮ್ಮ ಕಿಡ್ನಿಯನ್ನು ಅವರ ದೇಹ ಇನ್ನೂ ಹೊರಗಿನದೆಂದೇ ಎಣಿಸುತ್ತದೆ ಎಂಬುದು ಒಂದು. ತಪ್ಪು ನಿಮ್ಮ ಬೆಕ್ಕಿನದು ಎಂಬುದು ಇನ್ನೊಂದು. ಗಂಡ ಆಸ್ಪತ್ರೆ ಮಂಚದ ಮೇಲಿರುವಾಗ ಹೀಗೆ ಹಿಗ್ಗುವ ಹೆಂಡತಿ ಎಂಥವಳು ಎಂದು ನೀವು ಕೇಳಬಹುದು. ನನಗೆ ಹೊಟ್ಟೆಕಿಚ್ಚು, ಅತ್ತಿಗೆ. ಆಪರೇಷನ್ ಆದಾಗಿನಿಂದಲೂ ಇದೆ. ನನ್ನ ಕಿಡ್ನಿ ಹೊಂದುವುದಿಲ್ಲ ಎಂದು ಇವರು ಬಂದು ಹೇಳಿದ ಮೇಲೆ ಕೊಡುವ ಭಾಗ್ಯ ನಿಮ್ಮ ಪಾಲಾಯಿತು. ನೋಡಲು ಬಂದವರೆಲ್ಲ ನನ್ನ ಕೈಯ ಚಹಾ ಕುಡಿದು "ಅಕ್ಕ ಅಂದ್ರೆ ಹೀಗಿರ್ಬೇಕು" ಎಂದು ಹೊಗಳಿ ಹೋದರು. ಹೊರಡುವಾಗ ನೀವು ಈ ಮರಿಯನ್ನು ಅವರ ಮಡಿಲಿಗೆ ಹಾಕಿ ಏನೆಂದಿರಿ, ನೆನಪಿದೆಯೇ? "ನಾನಂತೂ ಇರೋಕಾಗಲ್ಲ, ಜೊತೆಗೆ ಇದಾದ್ರೂ ಇರ್ಲಿ." ಬಾಗಿಲಲ್ಲಿ ನಿಮ್ಮ ಚೀಲ ಹಿಡಿದುಕೊಂಡು ನಾನು ನಿಂತಿದ್ದೆ. ಜೊತೆಗಿರಲು ನಾನಿರಲಿಲ್ಲವೇ?

ಒಳಗೆ ನಿಮ್ಮ ಕಿಡ್ನಿ, ಮಡಿಲಲ್ಲಿ ನಿಮ್ಮ ಬೆಕ್ಕು. ನಾನು ಎಲ್ಲಿ ಕೂರಲಿ?

ಬೆಕ್ಕನ್ನು ನಿಮಗೇ ವಾಪಸು ಕಳಿಸುವುದೆಂದು ಬುಟ್ಟಿಯನ್ನೂ ತಂದೆ. ಇವರು ಬುಟ್ಟಿ ನೋಡಿ ಚಿಕ್ಕ ಮಕ್ಕಳ ಹಾಗೆ ಮುಖ ಸಣ್ಣ ಮಾಡಿಕೊಂಡರು. "ಅಕ್ಕಂಗೆ ಏನಂತ ಹೇಳ್ಲಿ?" ಎಂದರು. ನನಗೇನು ಹೇಳುತ್ತೀರಿ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಕೊನೆಗೆ ಪ್ರಾಣಿವೈದ್ಯರು ಚಿಗಟಕ್ಕೆ ಔಷಧಿ ಹಾಕಿ, ಉಗುರು ಕತ್ತರಿಸಿ, ಇವರ ಹತ್ತಿರ ಮಾತ್ರ ಸುಳಿಯಬಾರದು ಎಂದರು. ಹಾಗಾಗಿ ದಿಂಬು ಈಗ ನನ್ನ ಹೊಲಿಗೆ ಕೋಣೆಯಲ್ಲಿದೆ. ಬಾಗಿಲಿಗೆ ಜಾಲರಿ ಹೊಡೆದಿದ್ದೇನೆ.

ಮೊದಮೊದಲು ಅದು ಯಂತ್ರದ ಕೆಳಗೆ ಕೂತು ನನ್ನನ್ನು ಗುರಾಯಿಸುತ್ತಿತ್ತು. ಈಗ ಪೆಡಲು ತುಳಿಯುವಾಗಲೂ ನನ್ನ ಮಡಿಲು ಬಿಟ್ಟು ಇಳಿಯುವುದಿಲ್ಲ. ಇವರು ಜಾಲರಿಯಾಚೆ ಕುರ್ಚಿ ಹಾಕಿಕೊಂಡು "ದಿಂಬೂ, ದಿಂಬೂ" ಎಂದರೆ ಒಂದು ಕಿವಿ ಅಲ್ಲಾಡಿಸಿ ಮತ್ತೆ ಮಲಗುತ್ತದೆ. "ನಂಗಿಂತ ನೀನೇ ಹೆಚ್ಚಾದೆ ಅದಕ್ಕೆ" ಎಂದು ನಿನ್ನೆ ಮುನಿಸಿಕೊಂಡರು. ಒಂದಿಷ್ಟು ದಿನ ಅವರೂ ಉರಿದುಕೊಳ್ಳಲಿ ಬಿಡಿ. ಬೆಕ್ಕನ್ನು ಇನ್ನು ಕಳಿಸುವುದಿಲ್ಲ, ನೀವೂ ಕೇಳಬೇಡಿ.

ಆಂಟಿಬಯೋಟಿಕ್ ಕೆಲವು ತಿಂಗಳು ನುಂಗಬೇಕು. ಗುಳ್ಳೆಗಳು ಕುಗ್ಗಿ ಕಂದು ಕಲೆಗಳಾಗುತ್ತಿವೆ. ಬೆಳಿಗ್ಗೆ ಸಂಜೆ ಕೈ ತೊಳೆದು ಪಟ್ಟಿ ಬದಲಿಸುವವಳು ನಾನೇ. ನರ್ಸು ಕಲಿಸಿಕೊಟ್ಟಿದ್ದಾರೆ. ಅಷ್ಟು ಹೊತ್ತು ಆ ಕೈ ನನ್ನದು.

ನಿಮ್ಮ ಆರೋಗ್ಯ ನೋಡಿಕೊಳ್ಳಿ, ನೀರು ಚೆನ್ನಾಗಿ ಕುಡಿಯಿರಿ, ಭಾರ ಎತ್ತಬೇಡಿ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಮಕ್ಕಳಿಗೆ ಅವರ ಅತ್ತೆಯ ಆಶೀರ್ವಾದ. ದೊಡ್ಡವಳ ಪರೀಕ್ಷೆ ಚೆನ್ನಾಗಿ ಆಗಲಿ. ನೀವು ನೂರು ಕಾಲ ಸುಖವಾಗಿರಿ.

ಇಂತು,
ನಿಮ್ಮ ತಮ್ಮನ ಹೆಂಡತಿ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದ್ದೇನೆ. ಹೋದ ವಾರ, ಕಾವಲುಗಾರ ಸ್ವಲ್ಪ ಎಚ್ಚರಾಗಲಿ ಎಂದು ಡಾಕ್ಟರು ಒಂದು ಮಾತ್ರೆ ಕಡಿಮೆ ಮಾಡಿದರು. "ಅದರಿಂದ ಕಿಡ್ನಿಗೆ ಏನಾದ್ರೂ ಆದ್ರೆ?" ಎಂದು ಕೇಳಿದೆ. "ಹಾಗಾಗದ ಹಾಗೆ ನೋಡ್ಕೋತೀವಿ. ಆದ್ರೂ ನೀವಿದೀರಲ್ಲ? ಆವತ್ತು ಅವರಕ್ಕಂದು ಹೊಂದಿದಷ್ಟೇ ಚೆನ್ನಾಗಿ ನಿಮ್ದೂ ಹೊಂದಿತ್ತು" ಎಂದರು. ನನಗೆ ಗೊತ್ತಿದೆಯೆಂದೇ ಅವರು ತಿಳಿದಿದ್ದರು. ಆವತ್ತು ರಿಪೋರ್ಟ್ ತರಲು ಹೋಗಿದ್ದವರು ನಿಮ್ಮ ತಮ್ಮ.

ಮನೆಗೆ ಬಂದು, ಪಟ್ಟಿ ಕಟ್ಟುತ್ತ, ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದೆ. "ಅಕ್ಕನ ಹತ್ರ ಏನ್ ಬೇಕಾದ್ರೂ ಇಸ್ಕೊಳ್ತೀನಿ ಕಣೇ. ನಿನ್ನಿಂದ ತಗೊಳ್ಳೋಕೆ ಸಂಕೋಚ ಆಯ್ತು" ಎಂದರು. ಸಂಕೋಚ, ಅತ್ತಿಗೆ. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ಅಂಗಡಿಯಲ್ಲಿ ದುಡಿದು, ಇವರು ಸಂಕೋಚಪಡುವಷ್ಟು ನಾನು ಹೊರಗಿನವಳು. ನಿಮಗೆ ಇದು ಗೊತ್ತಿತ್ತೇ? ಗೊತ್ತಿದ್ದರೆ ಈ ಕಾಗದಕ್ಕೆ ಉತ್ತರ ಬರೆಯಬೇಡಿ.

ಕೊಡಲು ನಿಮ್ಮ ಬಳಿ ಇನ್ನೊಂದಿಲ್ಲ. ನನ್ನ ಬಳಿ ಎರಡೂ ಇವೆ. ಅವರಿಗೆ ಮತ್ತೆ ಬೇಕಾಗುವ ದಿನ ಬಾರದಿರಲಿ ಎಂದು ದಿನವೂ ಬೇಡಿಕೊಳ್ಳುತ್ತೇನೆ. ಪೂರ್ತಿ ಮನಸ್ಸಿನಿಂದ ಬೇಡಿಕೊಳ್ಳಲು ಆಗುತ್ತಿಲ್ಲ.